ಬಿಸಾಡಬೇಕಿದ್ದ ರಾಕೆಟ್ ತುಂಡಿನಲ್ಲಿ ಅಲಸಂದೆ ಮೊಳಕೆ

ಅಲಸಂದೆ ಕಾಳಿಗೆ ಮೊಳಕೆ ಬರಿಸುವುದು ನಮಗೇನು ದೊಡ್ಡ ವಿಷಯವಲ್ಲ. ರಾತ್ರಿ ನೆನೆಹಾಕಿ, ಬೆಳಿಗ್ಗೆ ನೀರು ಬಸಿದು ಒದ್ದೆ ಬಟ್ಟೆಯಲ್ಲಿ ಕಟ್ಟಿಟ್ಟರೆ ಮುಗಿಯಿತು. ಒಂದೆರಡು ದಿನದಲ್ಲಿ ಬಿಳಿ ಬಾಲ ಬಂದಿರುತ್ತದೆ. ಆದರೆ 2025ರ ಜನವರಿ ಮೊದಲ ವಾರ ಎಂಟು ಅಲಸಂದೆ ಕಾಳು ಮೊಳಕೆ ಒಡೆದದ್ದು ದೇಶಕ್ಕೆಲ್ಲ ಸುದ್ದಿಯಾಯಿತು. ಆ ಕಾಳುಗಳಿದ್ದ ಪೆಟ್ಟಿಗೆ ನೆಲದಿಂದ ಸುಮಾರು 350 ಕಿಲೋಮೀಟರ್ ಮೇಲಿತ್ತು. ಒಂದೂವರೆ ಗಂಟೆಗೊಮ್ಮೆ ಭೂಮಿಗೆ ಒಂದು ಸುತ್ತು ಹಾಕುತ್ತಿತ್ತು. ನಾಲ್ಕು ದಿನಕ್ಕೆ ಮೊಳಕೆ ಬಂತು, ಆಮೇಲೆ ಪುಟ್ಟ ಎಲೆಗಳೂ ಬಂದವು.

ಎಲ್ಲರೂ ಮೊಳಕೆಯ ಫೋಟೋ ನೋಡಿದರು. ನನಗೆ ಕುತೂಹಲ ಹುಟ್ಟಿಸಿದ್ದು ಆ ಪೆಟ್ಟಿಗೆ ಕೂತಿದ್ದ ಜಾಗ. ಅದು ಉಪಗ್ರಹವೂ ಅಲ್ಲ, ಬಾಹ್ಯಾಕಾಶ ನಿಲ್ದಾಣವೂ ಅಲ್ಲ. ಕೆಲಸ ಮುಗಿಸಿದ ರಾಕೆಟ್ಟಿನ ಕೊನೆಯ ತುಂಡು. ಅಂದರೆ, ಸರಿಯಾಗಿ ಹೇಳಬೇಕೆಂದರೆ, ಕಸ.

ಇಸ್ರೋದ ಪಿಎಸ್‌ಎಲ್‌ವಿ ರಾಕೆಟ್ ಸುಮಾರು 44 ಮೀಟರ್ ಎತ್ತರ. ಅದರಲ್ಲಿ ಒಂದರ ಮೇಲೊಂದು ನಾಲ್ಕು ಹಂತಗಳಿವೆ. ಮೊದಲ ಮೂರು ತಮ್ಮ ಇಂಧನ ಸುಟ್ಟು ಸಮುದ್ರಕ್ಕೆ ಬೀಳುತ್ತವೆ. ನಾಲ್ಕನೆಯದಕ್ಕೆ ಆ ಭಾಗ್ಯವಿಲ್ಲ. ಉಪಗ್ರಹವನ್ನು ಅದರ ಕಕ್ಷೆಗೆ ಬಿಡಬೇಕಾದರೆ ತಾನೂ ಅದೇ ವೇಗಕ್ಕೆ ಏರಬೇಕಲ್ಲ? ಹಾಗಾಗಿ ಉಪಗ್ರಹ ಬಿಟ್ಟ ಮೇಲೂ ಅದು ಅಲ್ಲೇ ಸುತ್ತುತ್ತಿರುತ್ತದೆ. ಸೆಕೆಂಡಿಗೆ ಏಳೂವರೆ ಕಿಲೋಮೀಟರಿಗಿಂತ ಜಾಸ್ತಿ ವೇಗದಲ್ಲಿ, ಯಾರಿಗೂ ಬೇಡವಾಗಿ, ವರ್ಷಗಟ್ಟಲೆ.

ಈ ತುಂಡನ್ನು ಸ್ವಲ್ಪ ಗಮನವಿಟ್ಟು ನೋಡಿದರೆ ಒಂದು ಅರ್ಧ ಉಪಗ್ರಹ ಆಗಲೇ ಸಿದ್ಧವಿರುವುದು ಕಾಣುತ್ತದೆ. ಕಂಪ್ಯೂಟರ್ ಇದೆ, ಆಂಟೆನಾ ಇದೆ, ಗಟ್ಟಿ ಚೌಕಟ್ಟಿದೆ. ಇಲ್ಲದಿರುವುದು ಎರಡೇ. ಒಂದು, ದಿನಗಟ್ಟಲೆ ನಡೆಯುವಷ್ಟು ಕರೆಂಟು. ಇನ್ನೊಂದು, ಲಾಗ ಹಾಕದೆ ನೆಟ್ಟಗೆ ಇರುವ ಶಕ್ತಿ. ಬಿಟ್ಟುಬಿಟ್ಟರೆ ಅದು ಗಿರಗಿರನೆ ಉರುಳುತ್ತದೆ. ಆಗ ಸೌರಫಲಕ ಸೂರ್ಯನನ್ನು ನೋಡುವುದಿಲ್ಲ, ಆಂಟೆನಾ ನೆಲವನ್ನು ನೋಡುವುದಿಲ್ಲ. ಇಸ್ರೋದವರು ಟ್ಯಾಂಕಿನ ಸುತ್ತ ಸೌರಫಲಕ ಅಂಟಿಸಿದರು, ಬ್ಯಾಟರಿ ಇಟ್ಟರು. ಹೀಲಿಯಂ ಅನಿಲವನ್ನು ಪುಸ್ ಪುಸ್ ಎಂದು ಬಿಡುವ ಸಣ್ಣ ಮೂತಿಗಳನ್ನು ಕೂರಿಸಿದರು. ಎಡಕ್ಕೆ ವಾಲಿದರೆ ಒಂದು ಪುಸ್, ಬಲಕ್ಕೆ ವಾಲಿದರೆ ಇನ್ನೊಂದು. ಅಷ್ಟಕ್ಕೇ ಆ ಗುಜರಿ ಸಾಮಾನು ಪ್ರಯೋಗಾಲಯವಾಯಿತು. ಅದಕ್ಕೆ ಇಟ್ಟ ಹೆಸರು ಪೋಯೆಮ್. ಉದ್ದನೆಯ ಇಂಗ್ಲಿಷ್ ಹೆಸರನ್ನು ಕುಗ್ಗಿಸಿದಾಗ ಕವಿತೆ ಎಂಬ ಅರ್ಥ ಬರಲಿ ಎಂದು ಯಾರೋ ಕೂತು ಯೋಚಿಸಿರಬೇಕು.

2019ರ ಜನವರಿಯಲ್ಲಿ ಈ ನಾಲ್ಕನೇ ಹಂತದ ಮೇಲೆ ವಿದ್ಯಾರ್ಥಿಗಳ ಪುಟ್ಟ ಉಪಕರಣವೊಂದನ್ನು ಇಟ್ಟು ನೋಡಿದ್ದರು. 2022ರ ಜೂನ್ 30ರಂದು ಹಾರಿದ ಮೊದಲ ಪೋಯೆಮ್‌ನಲ್ಲಿ ಆರು ಪ್ರಯೋಗಗಳಿದ್ದವು. 2024ರ ಡಿಸೆಂಬರ್ 30ರಂದು ಹಾರಿದ ನಾಲ್ಕನೆಯದರಲ್ಲಿ 24. ಅವುಗಳಲ್ಲಿ ಹತ್ತು ಇಸ್ರೋದ ಹೊರಗಿನವು. ಅಲಸಂದೆ ಇದ್ದದ್ದು ಇದರಲ್ಲೇ.

ಕಸ ಉಪಯೋಗಕ್ಕೆ ಬಂತು ಎಂದು ಖುಷಿಪಟ್ಟು ಸುಮ್ಮನಾಗಬಹುದಿತ್ತು. ಆದರೆ ನನ್ನ ಲೆಕ್ಕದಲ್ಲಿ, ಭಾರತದ ಖಾಸಗಿ ಬಾಹ್ಯಾಕಾಶ ಉದ್ಯಮಕ್ಕೆ ದೊಡ್ಡ ದೊಡ್ಡ ಘೋಷಣೆಗಳಿಗಿಂತ ಜಾಸ್ತಿ ಉಪಕಾರ ಮಾಡಿದ್ದು ಈ ತುಂಡು.

ಯಾಕೆ ಅಂದರೆ, ಈ ವ್ಯಾಪಾರದಲ್ಲಿ ಒಂದು ಹಳೇ ತೊಡಕಿದೆ. ನೀವೊಂದು ಪುಟ್ಟ ರಾಕೆಟ್ ಎಂಜಿನ್ ಮಾಡಿದ್ದೀರಿ ಎಂದುಕೊಳ್ಳಿ. ಉಪಗ್ರಹ ಮಾಡುವವರ ಹತ್ತಿರ ಹೋದರೆ ಮೊದಲ ಪ್ರಶ್ನೆ, "ಇದು ಮೇಲೆ ಹೋಗಿ ಕೆಲಸ ಮಾಡಿದೆಯಾ?" ಇಲ್ಲ ಅಂದರೆ ಕೊಳ್ಳುವುದಿಲ್ಲ. ಯಾರೂ ಕೊಳ್ಳದೆ ಅದು ಮೇಲೆ ಹೋಗುವುದಿಲ್ಲ. ಹುಚ್ಚು ಬಿಡದೆ ಮದುವೆ ಆಗಲ್ಲ, ಮದುವೆ ಆಗದೆ ಹುಚ್ಚು ಬಿಡಲ್ಲ! ಅವರದೂ ತಪ್ಪಲ್ಲ. ಕೋಟಿಗಟ್ಟಲೆ ಖರ್ಚಿನ ಉಪಗ್ರಹಕ್ಕೆ ಪರೀಕ್ಷೆಯಾಗದ ಸಾಮಾನು ಯಾರು ಹಾಕುತ್ತಾರೆ? ಮೇಲೆ ಹೋದ ಮೇಲೆ ಸ್ಪ್ಯಾನರ್ ಹಿಡಿದು ಸರಿಮಾಡಲು ಆಗುವುದಿಲ್ಲ.

ಬೆಂಗಳೂರಿನ ಬೆಲ್ಲಾಟ್ರಿಕ್ಸ್ ಏರೋಸ್ಪೇಸ್ ಕಂಪನಿಗೆ ಈ ಗಂಟು ಬಿಚ್ಚಿಕೊಟ್ಟದ್ದು ಪೋಯೆಮ್. ಉಪಗ್ರಹಗಳು ಕಕ್ಷೆಯಲ್ಲಿ ಅತ್ತಿತ್ತ ಸರಿಯಲು ಬಹಳ ಕಾಲದಿಂದ ಹೈಡ್ರಜೀನ್ ಎಂಬ ಇಂಧನ ಬಳಸುತ್ತಾರೆ. ಅದು ಘೋರ ವಿಷ. ತುಂಬಿಸುವವರು ಗಗನಯಾತ್ರಿಗಳ ಹಾಗೆ ಮೈತುಂಬ ಮುಚ್ಚುವ ಉಡುಪು ಹಾಕಿಕೊಂಡೇ ಹತ್ತಿರ ಹೋಗಬೇಕು. ಅಷ್ಟು ವಿಷವಲ್ಲದ ಇಂಧನದಿಂದ ನಡೆಯುವ 'ರುದ್ರ' ಎಂಬ ಎಂಜಿನ್ ಈ ಕಂಪನಿಯದು. 2024ರ ಜನವರಿ 1ರಂದು ಹೋದ ಮೂರನೇ ಪೋಯೆಮ್‌ನಲ್ಲಿ ಅದರ ಪರೀಕ್ಷೆ ನಡೆಯಿತು. ಈಗ ಆ ಪ್ರಶ್ನೆ ಕೇಳಿದರೆ "ಹೌದು, ಹೋಗಿದೆ" ಎನ್ನಬಹುದು.

ಕಾಲೇಜುಗಳ ಕಥೆಯೂ ಹೀಗೇ. 2010ರಲ್ಲಿ ಬೆಂಗಳೂರು ಮತ್ತು ಹೈದರಾಬಾದಿನ ಏಳು ಎಂಜಿನಿಯರಿಂಗ್ ಕಾಲೇಜುಗಳ ಹುಡುಗರು ಸೇರಿ ಸ್ಟಡ್‌ಸ್ಯಾಟ್ ಮಾಡಿದ್ದರು. ತೂಕ ಒಂದು ಕಿಲೋಗಿಂತ ಕಮ್ಮಿ. ಆದರೂ ಅದು ಪೂರ್ತಿ ಉಪಗ್ರಹ. ಬ್ಯಾಟರಿ, ರೇಡಿಯೋ, ಕಂಪ್ಯೂಟರ್ ಎಲ್ಲವನ್ನೂ ಅವರೇ ಹೊಂದಿಸಬೇಕಿತ್ತು. ಪೋಯೆಮ್‌ನಲ್ಲಿ ಹಾಗಿಲ್ಲ. ನಿಮ್ಮ ಪ್ರಯೋಗದ ಡಬ್ಬಿ ತನ್ನಿ, ಕರೆಂಟು ನಾವು ಕೊಡುತ್ತೇವೆ ಅನ್ನುವ ಲೆಕ್ಕ. ನಾಲ್ಕನೇ ಪೋಯೆಮ್‌ನಲ್ಲಿ ಬೆಂಗಳೂರಿನ ಆರ್.ವಿ. ಕಾಲೇಜಿನವರು ನಮ್ಮ ಕರುಳಿನಲ್ಲಿರುವ ಒಂದು ಬಗೆಯ ಬ್ಯಾಕ್ಟೀರಿಯಾ ಬಾಹ್ಯಾಕಾಶದಲ್ಲಿ ಹೇಗೆ ಬೆಳೆಯುತ್ತದೆ ಎಂದು ನೋಡಲು ಹೊರಟರು. ಚಿಕ್ಕಬಳ್ಳಾಪುರದ ಎಸ್‌ಜೆಸಿ ತಾಂತ್ರಿಕ ಕಾಲೇಜಿನವರು ಹವ್ಯಾಸಿ ರೇಡಿಯೋ ಉಪಕರಣ ಕಳಿಸಿದರು. ನಂದಿಬೆಟ್ಟದ ಬುಡದ ಊರಿನ ಸಾಮಾನು ಕಕ್ಷೆಗೆ ಹೋಯಿತು ಅಂದರೆ ಸುಮ್ನೆ ಮಾತಾ?

ಈಗ ಮತ್ತೆ ಅಲಸಂದೆಗೆ ಬರೋಣ. ಅಲ್ಲಿ ಗುರುತ್ವಾಕರ್ಷಣೆ ಇಲ್ಲ ಎಂದು ನಾವು ಸಲೀಸಾಗಿ ಹೇಳುತ್ತೇವೆ. ನಿಜವಾಗಿ 350 ಕಿಲೋಮೀಟರ್ ಎತ್ತರದಲ್ಲಿ ಅದು ನೆಲದ ಮೇಲಿನದರ ಶೇಕಡಾ 90ರಷ್ಟು ಇದ್ದೇ ಇರುತ್ತದೆ. ಪೆಟ್ಟಿಗೆ, ಕಾಳು, ನೀರು ಎಲ್ಲವೂ ಒಟ್ಟಿಗೆ ಭೂಮಿಯ ಸುತ್ತ ಬೀಳುತ್ತಲೇ ಇರುವುದರಿಂದ ಯಾವುದೂ ಯಾವುದರ ಮೇಲೂ ಭಾರ ಹಾಕುವುದಿಲ್ಲ, ಅಷ್ಟೇ. ಕಾಳಿಗೆ ಇದು ದೊಡ್ಡ ಗೊಂದಲ. ಬೇರಿನ ತುದಿಯ ಜೀವಕೋಶಗಳಲ್ಲಿ ಪಿಷ್ಟದ ಸಣ್ಣ ಕಣಗಳಿರುತ್ತವೆ. ನೆಲದ ಮೇಲೆ ಅವು ಕೋಶದ ತಳಕ್ಕೆ ಇಳಿದು ಕೂರುತ್ತವೆ. ಅದರಿಂದಲೇ ಬೇರಿಗೆ "ಕೆಳಗೆ ಅಂದರೆ ಈ ಕಡೆ" ಎಂದು ಗೊತ್ತಾಗುವುದು. ಮೇಲೆ ಆ ಕಣಗಳು ಇಳಿಯುವುದೇ ಇಲ್ಲ. ನೀರಿನದೂ ಅದೇ ಪಾಡು. ಹರಿದು ಹೋಗುವ ಬದಲು ಬೇರಿಗೆ ಅಂಟಿಕೊಂಡು ಕೂತು, ಗಾಳಿ ತಾಗದ ಹಾಗೆ ಮಾಡಬಹುದು. ಹಾಗಾಗಿ ಆ ಪೆಟ್ಟಿಗೆಯಲ್ಲಿ ಕ್ಯಾಮೆರಾ ಇತ್ತು. ಆಮ್ಲಜನಕ, ಇಂಗಾಲದ ಡೈಆಕ್ಸೈಡ್, ತೇವ, ಬಿಸಿ ಎಲ್ಲವನ್ನೂ ಅಳೆಯುವ ವ್ಯವಸ್ಥೆ ಇತ್ತು. ಎಂಟು ಕಾಳಿಗೆ ಇಷ್ಟು ಉಪಚಾರ!

ಇದಾಗಿ ಆರು ತಿಂಗಳಿಗೆ ಧಾರವಾಡದ ಕೃಷಿ ವಿಶ್ವವಿದ್ಯಾಲಯದ ಹೆಸರುಕಾಳು, ಮೆಂತ್ಯಗಳ ಸರದಿ ಬಂತು. ಗಗನಯಾತ್ರಿ ಶುಭಾಂಶು ಶುಕ್ಲಾ ಅಂತರರಾಷ್ಟ್ರೀಯ ಬಾಹ್ಯಾಕಾಶ ನಿಲ್ದಾಣದಲ್ಲಿ ಅವಕ್ಕೆ ಮೊಳಕೆ ಬರಿಸಿದರು. ದೂರ ಹೋಗುವ ಗಗನಯಾತ್ರಿಗಳಿಗೆ ತಾಜಾ ಸೊಪ್ಪು, ಮೊಳಕೆ ಬೇಕೇ ಬೇಕಲ್ವಾ?

ಇಷ್ಟು ದೂರ ಬಂದದ್ದು ಎಲ್ಲಿಂದ ಎಂದು ನೆನೆಯಲು ಪೀಣ್ಯಕ್ಕೆ ಹೋಗಬೇಕು. ಉಡುಪಿ ಹತ್ತಿರದ ಅದಮಾರಿನವರಾದ ಯು.ಆರ್. ರಾವ್ ಮತ್ತು ಅವರ ತಂಡ ಭಾರತದ ಮೊದಲ ಉಪಗ್ರಹವಾದ, 360 ಕಿಲೋ ತೂಕದ ಆರ್ಯಭಟವನ್ನು ಕಟ್ಟಿದ್ದು ಅಲ್ಲಿನ ಕೈಗಾರಿಕಾ ಪ್ರದೇಶದ ಶೆಡ್ಡುಗಳಲ್ಲಿ. ಅದು 1975ರ ಏಪ್ರಿಲ್ 19ರಂದು ಸೋವಿಯತ್ ರಾಕೆಟ್ಟಿನಲ್ಲಿ ಹೋಯಿತು. ಶೌಚಾಲಯವೊಂದನ್ನೇ ಅದರ ಮಾಹಿತಿ ಪಡೆಯುವ ಕೇಂದ್ರ ಮಾಡಿಕೊಂಡಿದ್ದರಂತೆ. ಆಮೇಲೆ ದಶಕಗಳ ಕಾಲ ಉದ್ಯಮದ ಪಾತ್ರ ಒಂದೇ ರೀತಿ ಇತ್ತು. ಇಸ್ರೋ ನಕ್ಷೆ ಕೊಡುವುದು, ಕಾರ್ಖಾನೆಯವರು ಅದರ ಹಾಗೇ ಭಾಗ ಮಾಡಿಕೊಡುವುದು. ಕೆಲಸ ಅಚ್ಚುಕಟ್ಟು, ಆದರೆ ಯೋಚನೆ ಇನ್ನೊಬ್ಬರದು. 2020ರಲ್ಲಿ ಖಾಸಗಿಯವರಿಗೆ ಬಾಗಿಲು ತೆರೆದು, ಅನುಮತಿ ಕೊಡಲು ಇನ್‌ಸ್ಪೇಸ್ ಎಂಬ ಸಂಸ್ಥೆ ಮಾಡಿದ ಮೇಲೆ ಇದು ಬದಲಾಗತೊಡಗಿತು. ಎಸ್‌ಎಸ್‌ಎಲ್‌ವಿ ಎಂಬ ಸಣ್ಣ ರಾಕೆಟ್ಟಿನ ಇಡೀ ತಂತ್ರಜ್ಞಾನವನ್ನು 2025ರಲ್ಲಿ ಎಚ್‌ಎಎಲ್ 511 ಕೋಟಿ ರೂಪಾಯಿಗೆ ಗೆದ್ದುಕೊಂಡಿತು. ಮುಂದೆ ಅದನ್ನು ಕಟ್ಟುವುದು, ಮಾರುವುದು ಎಲ್ಲ ಅವರದೇ ಹೊಣೆ.

ಆ ರಾಕೆಟ್ಟಿನ ಮೊದಲ ಹಾರಾಟ ನನಗೆ ಇನ್ನೊಂದು ಕಾರಣಕ್ಕೆ ನೆನಪು. 2022ರ ಆಗಸ್ಟ್ 7. ಅದರಲ್ಲಿ ಸರ್ಕಾರಿ ಶಾಲೆಗಳ 750 ಹುಡುಗಿಯರು ಕೈಜೋಡಿಸಿದ್ದ ಆಜಾದಿಸ್ಯಾಟ್ ಎಂಬ ಉಪಗ್ರಹ ಇತ್ತು. ಎರಡನೇ ಹಂತ ಕಳಚುವಾಗ ಆದ ನಡುಕಕ್ಕೆ ವೇಗ ಅಳೆಯುವ ಸಂವೇದಕಗಳು ಅರೆಕ್ಷಣ ತಬ್ಬಿಬ್ಬಾದವು. ಅವು ಕೆಟ್ಟಿವೆ ಎಂದು ಕಂಪ್ಯೂಟರ್ ತೀರ್ಮಾನಿಸಿತು. 356 ಕಿಲೋಮೀಟರ್ ಎತ್ತರದ ದುಂಡನೆ ಕಕ್ಷೆ ಸಿಗಬೇಕಿತ್ತು. ಸಿಕ್ಕಿದ್ದು ಒಂದು ಬದಿ 356, ಇನ್ನೊಂದು ಬದಿ 76 ಕಿಲೋಮೀಟರ್. ಅಷ್ಟು ಕೆಳಗೆ ವಾತಾವರಣವೇ ಎಳೆದು ಬೀಳಿಸುತ್ತದೆ. ಏನಾಯಿತು ಎನ್ನುವುದನ್ನು ಇಸ್ರೋ ಬಿಡಿಸಿ ಬರೆದು ಜನರ ಮುಂದಿಟ್ಟಿತು. ಚಂದ್ರಯಾನ-3 ಇಳಿಯುವುದನ್ನು ಯೂಟ್ಯೂಬಿನಲ್ಲಿ ಒಂದೇ ಹೊತ್ತಿಗೆ 80 ಲಕ್ಷ ಜನ ನೋಡಿದರು. ಅದು ಹಬ್ಬ. ಆದರೆ ವಿಜ್ಞಾನ ಹೇಗೆ ನಡೆಯುತ್ತದೆ ಎಂದು ಆ ಹುಡುಗಿಯರಿಗೆ ತಿಳಿಸಿದ್ದು ಸೋಲಿನ ಈ ವರದಿ ಇರಬಹುದು. ಆರು ತಿಂಗಳಲ್ಲಿ, 2023ರ ಫೆಬ್ರವರಿ 10ರಂದು, ಅವರ ಎರಡನೇ ಉಪಗ್ರಹ ಸರಿಯಾದ ಕಕ್ಷೆ ಸೇರಿತು.

ಪೋಯೆಮ್‌ಗೂ ಮಿತಿಗಳಿವೆ. ಅದು ಬಸ್ಸಿದ್ದ ಹಾಗೆ. ಬಸ್ಸು ಹೊರಟರೆ ತಾನೇ ಸೀಟು? 2025ರ ಮೇ 18ರಂದು ಪಿಎಸ್‌ಎಲ್‌ವಿ ಮೂರನೇ ಹಂತದಲ್ಲಿ ಕೈಕೊಟ್ಟಿತು. ಹಾಗಾದಾಗ ಸೀಟಿಗೆ ಕಾಯುವ ಸಣ್ಣ ಕಂಪನಿಗಳ ಕೆಲಸವೂ ನಿಲ್ಲುತ್ತದೆ. ಅವುಗಳಲ್ಲಿ ಎಷ್ಟೋ ಕಂಪನಿಗಳಿಗೆ ತಿಂಗಳುಗಟ್ಟಲೆ ಕಾಯುವ ತಾಕತ್ತಿರುವುದಿಲ್ಲ.

ಜೊತೆಗೆ ಅದರ ಆಯುಷ್ಯವೂ ಕಮ್ಮಿ. ಬೇಕೆಂದೇ ಹಾಗೆ ಮಾಡಿದ್ದಾರೆ. ನಾಲ್ಕನೇ ಪೋಯೆಮ್ ತನ್ನ ಉಪಗ್ರಹಗಳನ್ನು 475 ಕಿಲೋಮೀಟರ್ ಎತ್ತರದಲ್ಲಿ ಬಿಟ್ಟು, ಎಂಜಿನ್ ಮತ್ತೆ ಹೊತ್ತಿಸಿ 350ಕ್ಕೆ ಇಳಿಯಿತು. ಮುಂದೆಂದೋ ಸಿಡಿಯದಿರಲಿ ಎಂದು ಉಳಿದ ಇಂಧನವನ್ನೂ ಹೊರಗೆ ಚೆಲ್ಲಿತು. ಅಷ್ಟು ಎತ್ತರದಲ್ಲೂ ತೆಳ್ಳಗೆ ಗಾಳಿಯಿರುತ್ತದೆ. ಅದು ತಿಕ್ಕಿ ತಿಕ್ಕಿ ದಿನಕ್ಕಿಷ್ಟು ಕೆಳಗೆ ತರುತ್ತದೆ. ಸಾವಿರ ಸುತ್ತು ದಾಟಿದ ಮೇಲೆ, 2025ರ ಏಪ್ರಿಲ್ 4ರ ಮಧ್ಯಾಹ್ನ, ಆ ತುಂಡು ವಾತಾವರಣಕ್ಕೆ ನುಗ್ಗಿ ಹಿಂದೂ ಮಹಾಸಾಗರದ ಮೇಲೆ ಮುಗಿದುಹೋಯಿತು. ಅಲಸಂದೆ ಪೆಟ್ಟಿಗೆಯೂ ಅದರಲ್ಲೇ ಇತ್ತು.