ಹಳೇ ಸರ್ವರ್‌ನಲ್ಲಿ ಓಡ್ತಿತ್ತು, ಹೊಸದರಲ್ಲಿ ಯಾಕಿಲ್ಲ?

ಜಯನಗರದ ಒಂದು ಸಣ್ಣ ಆಫೀಸಿನ ವೆಬ್‌ಸೈಟನ್ನು ಹೊಸ ಸರ್ವರ್‌ಗೆ ಸಾಗಿಸುತ್ತಿದ್ದೆವು. ಕೋಡ್ ಒಂದಕ್ಷರವೂ ಬದಲಾಗಿರಲಿಲ್ಲ. ಆದರೂ ಲಾಗಿನ್ ಆಗಲಿಲ್ಲ. ಪರದೆ ಮೇಲೆ, ಆ ಸೈಟ್ ಬರೆದ ಭಾಷೆಯಾದ ಪಿಎಚ್‌ಪಿಯ ಹಳೇ ಪಲ್ಲವಿ: 'ಹೆಡರ್ಸ್ ಆಲ್ರೆಡಿ ಸೆಂಟ್'. ಕನ್ನಡ ಸಂದೇಶಗಳ ಫೈಲಿನ ಮೊದಲ ಸಾಲಿನತ್ತ ಅದು ಬೆರಳು ತೋರಿಸುತ್ತಿತ್ತು. ತೆರೆದು ನೋಡಿದರೆ ಅಲ್ಲಿ ತಪ್ಪೇ ಕಾಣಲ್ಲ.

ಬ್ರೌಸರ್-ಸರ್ವರ್ ಮಾತುಕತೆಯ ನಿಯಮವಾದ ಎಚ್‌ಟಿಟಿಪಿಯಲ್ಲಿ ಮೊದಲು ಹೆಡರ್, ಅಂದರೆ ಪುಟದ ಮುಂಚೆ ಹೋಗುವ ಸೂಚನೆಗಳು, ಹೋಗಬೇಕು, ಒಂದು ಖಾಲಿ ಸಾಲು, ಆಮೇಲೆ ಪುಟ. ಲಾಗಿನ್ ನೆನಪಿಡುವ ಕುಕ್ಕಿ, ಬೇರೆ ಪುಟಕ್ಕೆ ಕಳಿಸುವ ರೀಡೈರೆಕ್ಟ್ ಎಲ್ಲ ಹೆಡರ್‌ನಲ್ಲೇ. ಪುಟದ ಮೊದಲ ಬೈಟ್ ಹೊರಟಿತೋ, ಮುಗೀತು. ಮೆಜೆಸ್ಟಿಕ್ ಬಿಟ್ಟ ಬಸ್ಸಿನ ಬೋರ್ಡನ್ನು ಕಾರ್ಪೊರೇಷನ್ ಹತ್ತಿರ ಬದಲಿಸಿದರೆ ಹತ್ತಿದವರು ಸುಮ್ನಿರ್ತಾರಾ? ಬಫರ್ ಅಂದರೆ ಬಸ್ಸನ್ನು ಸ್ಟ್ಯಾಂಡಿನಲ್ಲೇ ಸ್ವಲ್ಪ ತಡೆದು ನಿಲ್ಲಿಸೋದು: ಪುಟ ಹೊರಡದಿರುವಷ್ಟು ಹೊತ್ತು ಹೆಡರ್ ಸೇರಿಸಬಹುದು.

ಎಷ್ಟು ತಡೆಯಬೇಕು ಅನ್ನೋದರಲ್ಲಿ ಮಾತ್ರ ಒಬ್ಬೊಬ್ಬರದು ಒಂದೊಂದು ದಾರಿ. ಅಪಾಚೆ ಅನ್ನೋ ವೆಬ್ ಸರ್ವರ್ ಮೊದಲು ಸಿಜಿಐ (ಹೊರಗಿನ ಪ್ರೋಗ್ರಾಂನಿಂದ ಪುಟ ಮಾಡಿಸುವ ವಿಧಾನ) ಔಟ್‌ಪುಟ್ಟನ್ನು ಹಿಡಿದಿಟ್ಟುಕೊಳ್ಳುತ್ತಿತ್ತು. 1998ರ 1.3 ಆವೃತ್ತಿಯಿಂದ ಬಂದಂತೆ ಬಿಡತೊಡಗಿತು. ಮೈಕ್ರೋಸಾಫ್ಟ್ ಉಲ್ಟಾ ನಡೆಯಿತು. ಅದರ ವೆಬ್ ಸರ್ವರ್ ಐಐಎಸ್ 4ರಲ್ಲಿ, ಪಿಎಚ್‌ಪಿಯಂಥದೇ ಆದ ಎಎಸ್‌ಪಿಯ ಬಫರ್ ತಾನಾಗಿ ಆಫ್, ವಿಂಡೋಸ್ 2000 ಜೊತೆ ಬಂದ ಐಐಎಸ್ 5ರಲ್ಲಿ ಆನ್. 4ರಲ್ಲಿ ಎರರ್ ಕೊಡುತ್ತಿದ್ದ ಪುಟ 5ರಲ್ಲಿ ಯಾರೂ ಮುಟ್ಟದೆಯೇ ಸರಿಹೋಯಿತು! ಸರಿಹೋಯಿತು ಅನ್ನೋದಕ್ಕಿಂತ ತಪ್ಪು ಮುಚ್ಚಿಹೋಯಿತು ಅನ್ನಬೇಕು. ಐಐಎಸ್ 6 ಆ ಬಫರ್‌ಗೆ 4 ಎಂಬಿ ಮಿತಿ ಹಾಕಿದಾಗ ದೊಡ್ಡ ರಿಪೋರ್ಟ್‌ಗಳು ಸಿಕ್ಕಿಬಿದ್ದವು.

ಪಿಎಚ್‌ಪಿಯದ್ದು ಇನ್ನೂ ವಿಚಿತ್ರ. ಸೆಟ್ಟಿಂಗ್ಸ್ ಫೈಲೇ ಇಲ್ಲದಿದ್ದರೆ ಬಫರ್ 0. ಜೊತೆಗೆ ಬರುವ ಮಾದರಿ ಫೈಲಿನಲ್ಲಿ 4096 ಬೈಟ್. ಹಳೇ ಸರ್ವರ್‌ಗೆ ಯಾರೋ ಆ ಮಾದರಿ ಹಾಕಿದ್ದರು. ಹೊಸದರಲ್ಲಿ ಫೈಲೇ ಇರಲಿಲ್ಲ.

ಸರಿ, ಆ ಮೊದಲ ಸಾಲಿನಲ್ಲಿ ಏನಿತ್ತು? ಬಿಓಎಂ, ಅಂದರೆ ಫೈಲಿನ ಆರಂಭದಲ್ಲಿ ಕೂರುವ, ಕಣ್ಣಿಗೆ ಕಾಣದ ಗುರುತು. ಹಳೇ ಕನ್ನಡ ಫಾಂಟ್‌ಗಳಿಂದ ಯೂನಿಕೋಡ್‌ಗೆ ಬಂದಾಗ ಫೈಲನ್ನು ನೋಟ್‌ಪ್ಯಾಡಿನಲ್ಲಿ ಸೇವ್ ಮಾಡಿದ್ದರು. ಯುಟಿಎಫ್-8 (ಯೂನಿಕೋಡ್ ಅಕ್ಷರಗಳನ್ನು ಬೈಟ್‌ಗಳಾಗಿ ಬರೆಯುವ ವಿಧಾನ) ಅಂತ ಆರಿಸಿದರೆ ಹಳೇ ನೋಟ್‌ಪ್ಯಾಡ್ ಫೈಲಿನ ಮುಂದೆ ಮೂರು ಬೈಟ್ ಅಂಟಿಸುತ್ತಿತ್ತು: ಇಎಫ್, ಬಿಬಿ, ಬಿಎಫ್. ಪಿಎಚ್‌ಪಿಗೆ ಅವೇ ಪುಟದ ಮೊದಲ ಬೈಟ್‌ಗಳು. ವಿಂಡೋಸ್ 10ರ '1903' ಅನ್ನೋ ಸಂಖ್ಯೆಯ ಆವೃತ್ತಿಯಲ್ಲಿ ಆ ಅಭ್ಯಾಸ ಬಿಟ್ಟಿತು. ಬರೀ ಇಂಗ್ಲಿಷ್ ಟೈಪ್ ಮಾಡೋರಿಗೆ ಯುಟಿಎಫ್-8 ಆರಿಸೋ ಗೋಜೇ ಇರಲಿಲ್ಲ. ಹಾಗಾಗಿ ಈ ಕಾಟ ನಮಗೇ ಜಾಸ್ತಿ.

ಬಫರ್ ಇದ್ದರೂ ಕನ್ನಡಕ್ಕೆ ಅದು ಬೇಗ ತುಂಬುತ್ತೆ. ಇಂಗ್ಲಿಷ್ ಅಕ್ಷರಕ್ಕೆ ಒಂದು ಬೈಟ್ ಸಾಕು. ನಮ್ಮಲ್ಲಿ ವ್ಯಂಜನ, ಒತ್ತು ಕೊಡೋ ವಿರಾಮ, ಸ್ವರಚಿಹ್ನೆ ಒಂದೊಂದಕ್ಕೂ 3. 'ಸ್ತ್ರೀ' ಅಂತ ಬರೆದರೆ 18 ಬೈಟ್! ಇಂಗ್ಲಿಷ್ ಪುಟದ ನಡುವೆ ಹಾಕಿದ ಕುಕ್ಕಿ ದಕ್ಕಿಬಿಡಬಹುದು, ಅದೇ ಪುಟ ಕನ್ನಡಕ್ಕೆ ಬಂದರೆ ಕೆಡಬಹುದು.

ಮೂರು ಬೈಟ್ ತೆಗೆದೆವು, ಲಾಗಿನ್ ಆಯಿತು. 'ಇಲ್ಲೂ 4096 ಹಾಕಿಬಿಡೋಣ ಕಣೋ' ಅಂದ ಗೆಳೆಯ. ಒಂದು ವಾರ ತಡಿ ಅಂದೆ. ಆ ವಾರದಲ್ಲಿ ಇನ್ನೆರಡು ಫೈಲುಗಳು ಸಿಕ್ಕವು, ಅದೇ ಮೂರು ಬೈಟ್ ಹೊತ್ತುಕೊಂಡು.