ಸುಣ್ಣಕಲ್ಲಿನ ಗುಡ್ಡ, ಪಕ್ಕದಲ್ಲೇ ಕಡಲು: ನಡೆಯುವ ಮುಂಚೆ ನೀರಿನ ಲೆಕ್ಕ

ಚಾರಣಕ್ಕೆ ಹೊರಟವರು ಮೊದಲು ಕೇಳುವುದು ಯಾವಾಗಲೂ ಒಂದೇ ಪ್ರಶ್ನೆ. ಎಷ್ಟು ಕಿಲೋಮೀಟರ್, ಎಷ್ಟು ಎತ್ತರ? ಕಡಲಂಚಿನ ಸುಣ್ಣಕಲ್ಲಿನ ಗುಡ್ಡಗಳ ಮಟ್ಟಿಗೆ ಈ ಎರಡೂ ಅಂಕಿಗಳಿಂದ ತಿಳಿಯುವುದು ಕಡಿಮೆ. ಎಷ್ಟೋ ಕಡೆ ಈ ಗುಡ್ಡಗಳು 200-300 ಮೀಟರ್ ಕೂಡ ದಾಟುವುದಿಲ್ಲ. ಆದರೂ ಅಲ್ಲಿ ಜನ ಬಾಯಾರಿ ಸುಸ್ತಾಗುತ್ತಾರೆ, ಜಾರಿಬಿದ್ದು ಮಣಿಕಟ್ಟು ಮುರಿದುಕೊಳ್ಳುತ್ತಾರೆ, ಉಬ್ಬರಕ್ಕೆ ಸಿಕ್ಕಿಹಾಕಿಕೊಳ್ಳುತ್ತಾರೆ. ಭೂವಿಜ್ಞಾನ ನನ್ನ ಕಸುಬಾದ್ದರಿಂದ ನಾನು ಕೇಳುವುದು ಬೇರೆ. ಮಳೆನೀರು ಎಲ್ಲಿ ಇಳಿಯುತ್ತದೆ? ಎಲ್ಲಿ ಹೊರಗೆ ಬರುತ್ತದೆ? ಕಡಲು ಎಷ್ಟು ಹೊತ್ತಿಗೆ ಏರುತ್ತದೆ? ಇಷ್ಟು ಗೊತ್ತಾದರೆ ಹಾದಿಯ ಬಗ್ಗೆ ಮುಕ್ಕಾಲು ಪಾಲು ಗೊತ್ತಾದ ಹಾಗೆ.

ಸುಣ್ಣಕಲ್ಲು ಅಂದರೆ ಬಹುಪಾಲು ಕ್ಯಾಲ್ಸಿಯಂ ಕಾರ್ಬೊನೇಟ್. ಹಳೆಯ ಕಡಲ ತಳದಲ್ಲಿ ಚಿಪ್ಪು, ಹವಳದ ಚೂರು ರಾಶಿ ಬಿದ್ದು ಗಟ್ಟಿಯಾದದ್ದು. ಮಳೆನೀರು ಗಾಳಿಯಿಂದ ಒಂದಿಷ್ಟು, ಮಣ್ಣಿನಿಂದ ಇನ್ನೂ ಜಾಸ್ತಿ, ಇಂಗಾಲದ ಡೈಆಕ್ಸೈಡ್ ಹೀರಿಕೊಂಡು ತೆಳು ಆಮ್ಲವಾಗುತ್ತದೆ. ಗ್ರಾನೈಟ್ ಅದನ್ನು ಲೆಕ್ಕಕ್ಕೇ ಇಟ್ಟುಕೊಳ್ಳುವುದಿಲ್ಲ. ಸುಣ್ಣಕಲ್ಲು ಮಾತ್ರ ಕರಗುತ್ತದೆ. ಬಿರುಕುಗಳಲ್ಲಿ ಮೊದಲು ಕರಗುತ್ತದೆ, ಬಿರುಕು ಅಗಲವಾದಷ್ಟೂ ನೀರು ಜಾಸ್ತಿ ನುಗ್ಗುತ್ತದೆ. ಕೊನೆಗೆ ಹಳ್ಳ, ತೊರೆ ಎಲ್ಲ ನೆಲದೊಳಗೆ ಸೇರಿಬಿಡುತ್ತವೆ. ಕಾಲ ಕೆಳಗಿನ ಕಲ್ಲು ಇದೇನಾ ಅಂತ ಅನುಮಾನವಿದ್ದರೆ ಒಂದು ಬಿಡಿ ಚೂರಿನ ಮೇಲೆ ಎರಡು ಹನಿ ವಿನೆಗರ್ ಬಿಟ್ಟು ಕಿವಿಯ ಹತ್ತಿರ ಹಿಡಿಯಿರಿ. ಸಣ್ಣಗೆ ಗುಳುಗುಳು ಶಬ್ದ ಬಂದರೆ ಸುಣ್ಣಕಲ್ಲೇ.

ಹಾಗಾಗಿ ಎಷ್ಟೇ ಮಳೆ ಬೀಳುವ ಊರಾದರೂ ಗುಡ್ಡದ ಮೇಲೆ ನೀರು ನಿಲ್ಲುವುದಿಲ್ಲ. ನಕಾಶೆಯಲ್ಲಿ ಕಣಿವೆ ಇರುತ್ತದೆ, ಹೋಗಿ ನೋಡಿದರೆ ಒಣಗಿದ ಕೊರಕಲು. ನೀರು ಮತ್ತೆ ಸಿಗುವುದು ಗುಡ್ಡದ ಬುಡದ ಒರತೆಯಲ್ಲಿ, ಇಲ್ಲವೇ ಕಡಲ ದಡದಲ್ಲಿ. ಕ್ರೊಯೇಷಿಯಾದ ಕರಾವಳಿಯಲ್ಲಿ ಸಿಹಿನೀರಿನ ಒರತೆಗಳು ಕಡಲ ತಳದಿಂದಲೇ ಮೇಲೇಳುತ್ತವೆ. ನೋಡಲು ಚೆಂದ, ಬಾಯಾರಿದವನಿಗೆ ಏನು ಪ್ರಯೋಜನ?

ಒರತೆ ಸಿಕ್ಕಿತು ಅಂತ ಬಾಟಲಿ ಹಿಡಿಯುವವರಿಗೆ ಒಂದು ಮಾತು. ಮರಳಿನಲ್ಲಿ ಇಂಗಿದ ನೀರು ನಿಧಾನಕ್ಕೆ ಸೋಸಿಕೊಂಡು ಬರುತ್ತದೆ. ಸುಣ್ಣಕಲ್ಲಿನ ಬಿರುಕು ಕೊಳಾಯಿ ಇದ್ದ ಹಾಗೆ, ಮೇಲೆ ಸುರಿದದ್ದು ಹಾಗೇ ಕೆಳಗೆ ಬರುತ್ತದೆ. ಮೇಲಿನ ಹುಲ್ಲುಗಾವಲಿನಲ್ಲಿ ದನ, ಕುರಿ ಮೇಯುತ್ತಿದ್ದರೆ ಅವುಗಳ ಸಗಣಿ, ಹಿಕ್ಕೆಯ ಅಂಶ ಒಂದು ಜೋರು ಮಳೆಗೆ ಒರತೆ ಮುಟ್ಟಬಹುದು. ನೀರು ಸ್ಫಟಿಕದ ಹಾಗೆ ತಿಳಿಯಾಗಿದ್ದರೂ ಕುದಿಸದೆ ಕುಡಿಯಬೇಡಿ. ಮನೆಯಿಂದ ಹೊತ್ತ ನೀರೇ ವಾಸಿ. ಬಿಳಿ ಕಲ್ಲು ಬಿಸಿಲನ್ನು ವಾಪಸ್ ಮುಖಕ್ಕೇ ಎಸೆಯುತ್ತದೆ, ಮರದ ನೆರಳು ಅಪರೂಪ. ಮಾಮೂಲಿ ಗುಡ್ಡಕ್ಕೆ ಒಯ್ಯುವುದಕ್ಕಿಂತ ಜಾಸ್ತಿಯೇ ಬೇಕಾಗುತ್ತದೆ. ಫ್ರಾನ್ಸಿನ ಮಾರ್ಸೇ ಪಕ್ಕದ ಕಲಾಂಕ್ ಗುಡ್ಡಗಳು ಎಷ್ಟು ಒಣಗುತ್ತವೆ ಅಂದರೆ, ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಆಯಾ ದಿನದ ಕಾಡ್ಗಿಚ್ಚಿನ ಅಪಾಯ ನೋಡಿಯೇ ಒಳಗೆ ಬಿಡುತ್ತಾರೆ. ಹೊರಡುವ ಹಿಂದಿನ ಸಂಜೆ ವಿಚಾರಿಸದೆ ಹೋದರೆ ವಾಪಸ್ ಬರಬೇಕಾದೀತು.

ಗುಡ್ಡದ ಮೇಲಿನ ಕಲ್ಲುಹಾಸು ನನಗೆ ಇಡೀ ಹಾದಿಯಲ್ಲೇ ಇಷ್ಟವಾದ ಜಾಗ. ಹಿಮಯುಗದಲ್ಲಿ ಹಿಮನದಿಗಳು ಮಣ್ಣನ್ನೆಲ್ಲ ಹೆರೆದುಹಾಕಿದ ಕಡೆ ಬರೀ ಬಂಡೆ ಉಳಿಯಿತು. ಆಮೇಲೆ ಮಳೆ ಅದನ್ನು ಸೀಳು ಸೀಳಾಗಿ ಕರಗಿಸಿತು. ಐರ್ಲೆಂಡಿನ ಬರೆನ್‌ನಲ್ಲಿ ಇಂಥ ಕಲ್ಲುಹಾಸು ಬೆಟ್ಟದಿಂದ ಕಡಲ ತನಕ ಹಬ್ಬಿದೆ. ದೂರದಿಂದ ಬೋಳು. ಹತ್ತಿರ ಹೋಗಿ ಮಂಡಿಯೂರಿ ಒಂದು ಸೀಳಿನೊಳಗೆ ಕೈ ಇಳಿಸಿ ನೋಡಿ. ಮೇಲೆ ಬಿಸಿಲು ಸುಡುತ್ತಿದ್ದರೂ ಒಳಗೆ ತಂಪು, ಗಾಳಿಯ ಸುಳಿವಿಲ್ಲ, ಗೋಡೆ ಒದ್ದೆ. ಕಾಡಿನ ನೆರಳಲ್ಲಿ ಬೆಳೆಯಬೇಕಾದ ಜರಿಗಿಡಗಳು ಅಲ್ಲಿ ಹಾಯಾಗಿರುತ್ತವೆ. ಅಲ್ಲೇ ಮೇಲೆ, ಒಂದು ಗೇಣು ಮಣ್ಣೂ ಇಲ್ಲದ ಕಡೆ, ಚಳಿ ಬೆಟ್ಟಗಳ ಜೆನ್ಷಿಯನ್ ನೀಲಿಯಾಗಿ ಅರಳಿರುತ್ತದೆ.

ಬರೆನ್‌ನ ರೈತರು ದನಗಳನ್ನು ಗುಡ್ಡಕ್ಕೆ ಅಟ್ಟುವುದು ಚಳಿಗಾಲದಲ್ಲಿ. ಬೇರೆ ಕಡೆ ಬೇಸಿಗೆಯಲ್ಲಿ ಮೇಲಕ್ಕೆ ಹೋದರೆ ಇಲ್ಲಿ ಉಲ್ಟಾ. ಬೇಸಿಗೆಯಲ್ಲಿ ಮೇಲೆ ನೀರಿಲ್ಲ, ಚಳಿಗಾಲದಲ್ಲಿ ಒರತೆಗಳು ಹರಿಯುತ್ತವೆ. ಜೊತೆಗೆ ಬೇಸಿಗೆಯ ಕಾವನ್ನು ಕಲ್ಲು ಹಿಡಿದಿಟ್ಟುಕೊಂಡಿರುತ್ತದೆ. ದನಗಳು ಹಳೆ ಹುಲ್ಲನ್ನು ಮೇಯ್ದು ಮುಗಿಸುವುದರಿಂದಲೇ ವಸಂತದಲ್ಲಿ ಆ ಹೂಗಳಿಗೆ ಬೆಳಕು ಸಿಗುವುದು. ಹೂ ಬೇಕಾದರೆ ದನ ಬೇಕು. ಹಾಗಾಗಿ ದಾರಿಯಲ್ಲಿ ಗೇಟು ಸಿಕ್ಕರೆ ದಾಟಿದ ಮೇಲೆ ಮುಚ್ಚಿ, ನಾಯಿಯನ್ನು ಹಗ್ಗ ಬಿಚ್ಚಿ ಬಿಡಬೇಡಿ. ಸುಮ್ನೆ ಫೋಟೋಕ್ಕೆ ಅಂತ ಕಲ್ಲಿನ ಮೇಲೆ ಕಲ್ಲು ಪೇರಿಸುವುದು ನನಗಂತೂ ಕಂಡರಾಗದು. ಒಂದು ಚಪ್ಪಡಿ ಕಿತ್ತರೆ ಸೀಳಿನ ನೆರಳೂ ಹೋಯಿತು, ಅಲ್ಲಿನ ಗಿಡವೂ ಹೋಯಿತು. ಬ್ರಿಟನ್‌ನಲ್ಲಿ ಕೈತೋಟದ ಅಲಂಕಾರಕ್ಕೆ ಇಂಥ ಕಲ್ಲನ್ನು ಎಷ್ಟು ಸಾಗಿಸಿದರು ಅಂದರೆ, 1981ರ ವನ್ಯಜೀವಿ ಮತ್ತು ಗ್ರಾಮಾಂತರ ಕಾಯ್ದೆಯಲ್ಲಿ ಕಲ್ಲುಹಾಸಿನ ರಕ್ಷಣೆಗೇ ಒಂದು ಸೆಕ್ಷನ್ ಸೇರಿಸಬೇಕಾಯಿತು.

ಇನ್ನು ಜಾರುವ ವಿಷಯ. ಸುಣ್ಣಕಲ್ಲಿನ ಮುಖ್ಯ ಖನಿಜ ಕ್ಯಾಲ್ಸೈಟ್. ಗಡಸುತನದ ಮೋಸ್ ಅಳತೆಯಲ್ಲಿ ಅದಕ್ಕೆ 3. ಬೂಟಿನ ಅಟ್ಟೆಗೆ ಅಂಟಿದ ಮರಳಿನ ಕ್ವಾರ್ಟ್ಜ್‌ಗೆ 7. ಒಬ್ಬೊಬ್ಬರು ಕಾಲಿಟ್ಟಾಗಲೂ ಕಲ್ಲು ಒಂಚೂರು ಪಾಲಿಶ್ ಆಗುತ್ತದೆ. ಹೆಚ್ಚು ಜನ ಓಡಾಡುವ ಹಾದಿಯಲ್ಲಿ, ಅದರಲ್ಲೂ ಎಲ್ಲರೂ ಕಾಲಿಡುವ ಆ ಒಂದೇ ಮೆಟ್ಟಿಲಿನಲ್ಲಿ, ಕಲ್ಲು ಬಣ್ಣ ಬದಲಿಸಿ ಹೊಳೆಯುತ್ತಿರುತ್ತದೆ. ಇಬ್ಬನಿ ಬಿದ್ದರೂ ಸಾಕು, ಅದರ ಮೇಲೆ ಯಾವ ಬೂಟೂ ನಿಲ್ಲದು. ಹೊಳೆಯುವ ಕಲ್ಲು ಬಿಟ್ಟು ಪಕ್ಕದ ಮಂಕು, ಒರಟು ಕಲ್ಲಿನ ಮೇಲೆ ಕಾಲಿಡಿ. ಇಳಿಯುವಾಗ ಇದು ಇನ್ನೂ ಮುಖ್ಯ. ಅಲೆ ಸಿಡಿಯುವ ಮಟ್ಟದಲ್ಲಿ ಕಥೆ ತಿರುಗುಮುರುಗು. ಅಲ್ಲಿ ಕಲ್ಲು ಕರಗಿ ಚೂಪು ಚೂಪಾಗಿರುತ್ತದೆ, ಬಿದ್ದರೆ ಅಂಗೈ ಹರಿಯುತ್ತದೆ. ಇನ್ನೂ ಕೆಳಗೆ ಪಾಚಿ.

ಕಡಲ ಕಡೆಯ ಅಂಚಿನ ಬಗ್ಗೆ ನಾನು ಸ್ವಲ್ಪ ಕಟುವಾಗಿಯೇ ಹೇಳುತ್ತೇನೆ. ಅಂಚಿನಲ್ಲಿ ಕಾಲು ಇಳಿಬಿಟ್ಟು ಕೂರಬೇಡಿ. ನೀವು ಕೂತ ಬಂಡೆಯ ಕೆಳಗೆ ಏನಿದೆ ಅಂತ ನಿಮಗೆ ಕಾಣುವುದಿಲ್ಲ ಅಲ್ವಾ? ಅಲೆ ಬುಡವನ್ನು ಕೊರೆದಿರುತ್ತದೆ, ಕಲ್ಲು ಕೊರೆಯುವ ಚಿಪ್ಪುಜೀವಿಗಳು ಒಳಗೆ ಮನೆ ಮಾಡಿರುತ್ತವೆ. ಸಿಹಿನೀರು, ಉಪ್ಪುನೀರು ಬೆರೆಯುವ ಕಡೆ ಇನ್ನೊಂದು ವಿಚಿತ್ರ ನಡೆಯುತ್ತದೆ. ಇನ್ನು ಸುಣ್ಣ ಕರಗಿಸಲಾರದಷ್ಟು ತುಂಬಿಕೊಂಡ ಎರಡು ನೀರುಗಳೂ ಬೆರೆತ ಮೇಲೆ ಮತ್ತೆ ಕರಗಿಸಬಲ್ಲವು. ಮೇಲೆ ಹುಲ್ಲು ಹಸಿರಾಗಿರುತ್ತದೆ, ಕೆಳಗೆ ಟೊಳ್ಳು. ಆಸ್ಟ್ರೇಲಿಯಾದ ವಿಕ್ಟೋರಿಯಾ ಕರಾವಳಿಯಲ್ಲಿ ಲಂಡನ್ ಬ್ರಿಜ್ ಎಂಬ ಸುಣ್ಣಕಲ್ಲಿನ ಜೋಡಿ ಕಮಾನಿತ್ತು. 1990ರ ಜನವರಿ 15ರಂದು ದಡದ ಕಡೆಯ ಕಮಾನು ಕುಸಿಯಿತು. ಆಚೆ ತುದಿಯಲ್ಲಿದ್ದ ಇಬ್ಬರನ್ನು ಹೆಲಿಕಾಪ್ಟರ್‌ನಲ್ಲಿ ಕರೆತರಬೇಕಾಯಿತು. ಮಾಲ್ಟಾದ ಅಜೂರ್ ವಿಂಡೋ ಎಂಬ ಸುಣ್ಣಕಲ್ಲಿನ ಕಮಾನು 2017ರ ಮಾರ್ಚ್ 8ರ ಬಿರುಗಾಳಿಗೆ ಕಡಲು ಸೇರಿತು. ಜೋರು ಮಳೆ ಅಥವಾ ಹಿಮದ ಮರುದಿನ ಅಂಚಿನಿಂದ ಇನ್ನಷ್ಟು ಒಳಗೇ ನಡೆಯಿರಿ. ಅಂಚಿಗೆ ಸಮಾನಾಂತರವಾಗಿ ಹುಲ್ಲಿನಲ್ಲಿ ಬಿರುಕು ಕಂಡರೆ ಅದರ ಆಚೆ ಹೆಜ್ಜೆ ಇಡಲೇಬಾರದು. ಗುಡ್ಡದ ಕೆಳಗೆ ಮರಳಿನಲ್ಲಿ ನಡೆಯುವವರಿಗೂ ಇದೇ ಲೆಕ್ಕ. ಬಂಡೆಯ ಬುಡದಲ್ಲಿ ಬುತ್ತಿ ಬಿಚ್ಚಬೇಡಿ.

ಗುಹೆಗಳನ್ನು ನೋಡಬೇಕು ಅಂತ ಎಲ್ಲರಿಗೂ ಆಸೆ. ವೇಲ್ಸಿನ ಗೌವರ್ ಕರಾವಳಿಯ ಪ್ಯಾವಿಲ್ಯಾಂಡ್ ಗುಹೆಯಲ್ಲಿ 1823ರಲ್ಲಿ ಭೂವಿಜ್ಞಾನಿ ವಿಲಿಯಂ ಬಕ್‌ಲ್ಯಾಂಡ್ ಕೆಂಪು ಕಾವಿಮಣ್ಣು ಮೆತ್ತಿದ ಅಸ್ಥಿಪಂಜರ ತೆಗೆದರು. ರೋಮನ್ನರ ಕಾಲದ ಹೆಂಗಸು ಅಂದುಕೊಂಡರು. ಈಗ ಗೊತ್ತಾಗಿರುವಂತೆ ಅದು ಗಂಡಸಿನದ್ದು, ಸುಮಾರು 33,000 ವರ್ಷ ಹಳೆಯದು. ಆಗ ಕಡಲು ಅಲ್ಲಿಂದ ಸುಮಾರು 100 ಕಿಲೋಮೀಟರ್ ಆಚೆ ಇತ್ತು. ಈಗ ಗುಹೆಯ ಬುಡಕ್ಕೇ ಅಲೆ ಬಡಿಯುತ್ತದೆ. ಕೆಳಗಿನಿಂದ ಹೋಗಬೇಕಾದರೆ ಇಳಿತದ ಹೊತ್ತಿನಲ್ಲಿ ಮಾತ್ರ ಸಾಧ್ಯ.

ಅಲ್ಲೇ ಹತ್ತಿರ ವರ್ಮ್ಸ್ ಹೆಡ್ ಎಂಬ ಕೋಡುಗಲ್ಲಿನ ದ್ವೀಪಕ್ಕೆ ಬಂಡೆಗಳ ದಾರಿಯಿದೆ. ಇಳಿತಕ್ಕೆ ಎರಡೂವರೆ ಗಂಟೆ ಮೊದಲು ತೆರೆಯುತ್ತದೆ, ಎರಡೂವರೆ ಗಂಟೆ ಆದಮೇಲೆ ಮುಚ್ಚುತ್ತದೆ. ಜನ ಮೋಸ ಹೋಗುವುದು ಉಬ್ಬರ ಒಂದೇ ಸಮನೆ ಏರುತ್ತದೆ ಅಂದುಕೊಂಡು. ದಿನಕ್ಕೆರಡು ಸಲ ಉಬ್ಬರ ಬರುವ ಕರಾವಳಿಯಲ್ಲಿ ಏರಿಕೆಗೆ ಸುಮಾರು 6 ಗಂಟೆ ಬೇಕು. ಮೊದಲ ಗಂಟೆಯಲ್ಲಿ ಹನ್ನೆರಡರಲ್ಲಿ ಒಂದು ಪಾಲು ಏರಿದರೆ, ನಡುವಿನ ಎರಡು ಗಂಟೆಯಲ್ಲೇ ಅರ್ಧ ಏರಿಬಿಡುತ್ತದೆ. ಇನ್ನೂ ಹೊತ್ತಿದೆ ಅಂತ ಕೂತವರು ಏಳುವಷ್ಟರಲ್ಲಿ ದಾರಿ ಇರುವುದಿಲ್ಲ. ಅಮಾವಾಸ್ಯೆ, ಹುಣ್ಣಿಮೆಯ ಆಸುಪಾಸಿನಲ್ಲಿ ಏರಿಳಿತ ಇನ್ನೂ ಜಾಸ್ತಿ. ಉಬ್ಬರ, ಇಳಿತದ ಹೊತ್ತು ದಿನಕ್ಕೆ ಸುಮಾರು 50 ನಿಮಿಷ ತಡವೂ ಆಗುತ್ತದೆ, ಆದ್ದರಿಂದ ನಿನ್ನೆಯ ಸಮಯ ನಂಬಿ ಇಂದು ಹೊರಡಬೇಡಿ.

ಹಾಗಾಗಿ ಸುತ್ತು ಹಾದಿಯಾದರೆ ನಾನು ದಿಕ್ಕು ತೀರ್ಮಾನಿಸುವುದು ಉಬ್ಬರದ ಪಟ್ಟಿ ನೋಡಿಯೇ. ಇಳಿತ ಬೆಳಿಗ್ಗೆ ಇದ್ದರೆ ದಡದ ಭಾಗ ಮೊದಲು, ನೀರು ಇನ್ನೂ ಇಳಿಯುತ್ತಿರುವಾಗಲೇ ಕೆಳಗಿಳಿದು, ತಳಮಟ್ಟ ಮುಟ್ಟುವ ಹೊತ್ತಿಗೆ ವಾಪಸ್ ಹೊರಡುತ್ತೇನೆ. ಇಳಿತ ಮಧ್ಯಾಹ್ನದ ನಂತರವಿದ್ದರೆ ಬಿಸಿಲೇರುವ ಮುಂಚೆ ಗುಡ್ಡ ಮುಗಿಸಿಕೊಂಡು ದಡಕ್ಕೆ. ಎರಡೂ ಹೊಂದದ ದಿನ ದಡದ ಹಾದಿಯನ್ನು ಬಿಟ್ಟುಬಿಟ್ಟು ಮೇಲಿನ ಹಾದಿಯಲ್ಲೇ ವಾಪಸ್ ಬರುತ್ತೇನೆ.