ದೊಡ್ಡಪೇಟೆಯಿಂದ ಮನೆಗಳು ಹೋದವು, ಅಂಗಡಿಗಳು ಉಳಿದವು

ಬೆಂಗಳೂರಿನ ಮೈಸೂರು ಬ್ಯಾಂಕ್ ವೃತ್ತದಿಂದ ದಕ್ಷಿಣಕ್ಕೆ ಹೊರಟು ಕೃಷ್ಣರಾಜೇಂದ್ರ ಮಾರುಕಟ್ಟೆಯ ಬಳಿ ಮುಗಿಯುವ ಅವೆನ್ಯೂ ರಸ್ತೆಯ ಉದ್ದ ಸುಮಾರು ಒಂದು ಕಿಲೋಮೀಟರ್. ಈ ರಸ್ತೆಯನ್ನು ನೆನೆಯುವವರು ಎರಡು ಬಗೆಯವರು. ಮೊದಲನೆಯವರು ಅದನ್ನು ಈಗಲೂ ದೊಡ್ಡಪೇಟೆ ಎಂದೇ ಕರೆಯುತ್ತಾರೆ. ಅವರ ಮಾತಿನಲ್ಲಿ ಅಜ್ಜನ ಮನೆ, ಮನೆಯ ಮುಂದಿನ ಜಗಲಿ, ಅಟ್ಟದ ಕಿಟಕಿಯಿಂದ ಕಂಡ ಉತ್ಸವಗಳು ಬರುತ್ತವೆ. ಎರಡನೆಯವರಿಗೆ ಅದು ಜೂನ್ ತಿಂಗಳಲ್ಲಿ ಅರ್ಧ ಬೆಲೆಗೆ ಹಳೆಯ ಪಠ್ಯಪುಸ್ತಕ ಕೊಂಡ ರಸ್ತೆ, ಮದುವೆಗೆ ಬೆಳ್ಳಿಯ ದೀಪ ಚೌಕಾಸಿ ಮಾಡಿದ ರಸ್ತೆ. ಒಬ್ಬರ ನೆನಪಿನಲ್ಲಿ ಮನೆಯಿದೆ, ಇನ್ನೊಬ್ಬರ ನೆನಪಿನಲ್ಲಿ ಅಂಗಡಿಯಿದೆ. ಒಂದು ಕಾಲಕ್ಕೆ ಒಂದೇ ಸೂರಿನ ಕೆಳಗಿದ್ದ ಇವೆರಡೂ ಹೇಗೆ ಬೇರೆಯಾದವು ಎಂಬುದೇ ಈ ರಸ್ತೆಯ ಕಳೆದ ನೂರಿಪ್ಪತ್ತೈದು ವರ್ಷಗಳ ಇತಿಹಾಸ.

1537ರಲ್ಲಿ ಕೆಂಪೇಗೌಡರು ಮಣ್ಣಿನ ಕೋಟೆ ಕಟ್ಟಿ ಪೇಟೆಯನ್ನು ನೆಲೆಗೊಳಿಸಿದಾಗ ನಾಲ್ಕು ಜೊತೆ ಎತ್ತುಗಳನ್ನು ಹೂಡಿ ನಾಲ್ಕು ದಿಕ್ಕಿಗೆ ಬಿಟ್ಟರು, ನೇಗಿಲ ಗೆರೆಗಳೇ ಬೀದಿಗಳಾದವು ಎಂಬುದು ಎಲ್ಲರೂ ಕೇಳಿರುವ ಐತಿಹ್ಯ. ಉತ್ತರ ದಕ್ಷಿಣವಾಗಿ ದೊಡ್ಡಪೇಟೆ, ಪೂರ್ವ ಪಶ್ಚಿಮವಾಗಿ ಚಿಕ್ಕಪೇಟೆ, ಅವೆರಡೂ ಕೂಡುವಲ್ಲಿ ಚೌಕ ಎಂಬ ವಿನ್ಯಾಸ ಮಾತ್ರ ಇಂದಿಗೂ ನಡೆದು ನೋಡಬಹುದಾದ ಸತ್ಯ. ಈ ಎರಡು ಬೀದಿಗಳ ಸುತ್ತ ಒಂದೊಂದು ಕಸುಬಿಗೆ ಒಂದೊಂದು ಪೇಟೆ ಬೆಳೆಯಿತು: ಅಕ್ಕಿಗೆ ಅಕ್ಕಿಪೇಟೆ, ಬಳೆಗೆ ಬಳೇಪೇಟೆ, ಹತ್ತಿಗೆ ಅರಳೇಪೇಟೆ, ಗಾಣದವರಿಗೆ ಗಾಣಿಗರಪೇಟೆ, ನಗರ್ತ ವರ್ತಕರಿಗೆ ನಗರ್ತಪೇಟೆ. ಕೋಟೆಯ ಗೋಡೆ ಎಂದೋ ಹೋಯಿತು. ಆದರೆ ಯಲಹಂಕ ಬಾಗಿಲಿನ ಹೆಸರನ್ನು ಅಲ್ಲಿನ ಆಂಜನೇಯನ ಗುಡಿಯೂ, 1791ರ ಮಾರ್ಚ್ 7ರಂದು ಬ್ರಿಟಿಷ್ ದಳಪತಿ ಕಾರ್ನ್‌ವಾಲಿಸನ ಸೇನೆ ನುಗ್ಗಿದ ಹಲಸೂರು ಬಾಗಿಲಿನ ಹೆಸರನ್ನು ಒಂದು ಪೊಲೀಸ್ ಠಾಣೆಯೂ ಉಳಿಸಿಕೊಂಡಿವೆ.

ಟಿಪ್ಪುವಿನ ಪತನದ ಮರುವರ್ಷ, ಅಂದರೆ 1800ರಲ್ಲಿ, ಈಸ್ಟ್ ಇಂಡಿಯಾ ಕಂಪನಿ ಕಳುಹಿಸಿದ ವೈದ್ಯ ಫ್ರಾನ್ಸಿಸ್ ಬುಕಾನನ್ ಇಲ್ಲಿಗೆ ಬಂದು ನೇಕಾರರು, ಬಣ್ಣ ಹಾಕುವವರು ಮತ್ತು ವರ್ತಕರ ಕುರಿತು ವಿವರವಾಗಿ ಬರೆದಿಟ್ಟ. ಪಟ್ವೇಗಾರರು, ಖತ್ರಿಗಳು, ದೇವಾಂಗರು, ತೊಗಟರು ಬೇರೆ ಬೇರೆ ಬಗೆಯ ಬಟ್ಟೆ ನೇಯುತ್ತಿದ್ದರು. ಇಂಥ ಊರಿನಲ್ಲಿ ಮನೆ ಬೇರೆ, ಕೆಲಸದ ಜಾಗ ಬೇರೆ ಎಂಬ ಕಲ್ಪನೆಗೆ ಅರ್ಥವೇ ಇರಲಿಲ್ಲ. ನೇಕಾರನ ಕುಣಿಮಗ್ಗ ಮನೆಯ ನಡುವೆಯೇ ಇರುತ್ತಿತ್ತು. ವರ್ತಕನ ಮನೆ ಬೀದಿಗೆ ಕಿರಿದಾಗಿ, ಹಿಂದಕ್ಕೆ ಉದ್ದವಾಗಿ ಚಾಚಿಕೊಂಡಿರುತ್ತಿತ್ತು: ಮುಂದೆ ಗಾದಿ ಹಾಸಿದ ಅಂಗಡಿ, ಅದರ ಹಿಂದೆ ಪಡಸಾಲೆ, ಮೇಲೆ ಬಯಲಾದ ಒಳಅಂಗಳದ ತೊಟ್ಟಿ, ಅಡುಗೆಮನೆ, ಮೇಲೆ ಸರಕು ತುಂಬಿದ ಅಟ್ಟ. ಬೀದಿಗೆ ಮುಖ ಮಾಡಿದ ಪ್ರತಿ ಅಡಿಗೂ ಬೆಲೆಯಿದ್ದುದರಿಂದ ಪಾಲಾದಾಗಲೆಲ್ಲ ನಿವೇಶನಗಳು ಇನ್ನಷ್ಟು ಕಿರಿದಾದವು. ಇಂದು ಒಬ್ಬರು ಒಳಗೆ ಹೋದರೆ ಇನ್ನೊಬ್ಬರು ಹೊರಗೆ ಕಾಯಬೇಕಾದಂಥ ಅಂಗಡಿಗಳು ಅಲ್ಲಿ ಕಾಣುತ್ತವಲ್ಲ, ಅವುಗಳ ಬೇರು ಇಲ್ಲಿದೆ.

1809ರಲ್ಲಿ ಬ್ರಿಟಿಷ್ ಸೈನ್ಯ ನೆಲೆಸಿದ ದಂಡು ಪ್ರದೇಶ ಹುಟ್ಟಿಕೊಂಡ ಮೇಲೆ ಬೆಂಗಳೂರು ಎರಡು ಊರಾಯಿತು. 1862ರಲ್ಲಿ ಎರಡಕ್ಕೂ ಪ್ರತ್ಯೇಕ ಪುರಸಭೆಗಳು ಬಂದವು. ಅವು ಒಂದಾದದ್ದು 1949ರಲ್ಲಿ. ದಂಡಿನಲ್ಲಿ ಸಾಲುಮರಗಳ ಅಗಲವಾದ ಹಾದಿಗಳಿದ್ದರೆ ಪೇಟೆಯಲ್ಲಿ ಎತ್ತಿನಗಾಡಿಗೆ ಎತ್ತಿನಗಾಡಿ ಎದುರಾದರೆ ತಗಾದೆ. ಆದರೂ ಸಾಲುಮರದ ಹಾದಿ ಎಂಬರ್ಥದ ‘ಅವೆನ್ಯೂ’ ಎಂಬ ಹೆಸರು ಬಿದ್ದದ್ದು ದೊಡ್ಡಪೇಟೆಗೆ! ಈಗ ಆ ರಸ್ತೆಯಲ್ಲಿ ನೆರಳು ಬೇಕೆನ್ನುವವರು ಅಂಗಡಿಯ ಮುಂದಿನ ತಗಡಿನ ಮಾಡಿಗೇ ಋಣಿಯಾಗಬೇಕು.

ಮನೆ ಮತ್ತು ಅಂಗಡಿಯ ನಂಟಿಗೆ ಮೊದಲ ದೊಡ್ಡ ಪೆಟ್ಟು ಬಿದ್ದದ್ದು 1898ರ ಆಗಸ್ಟ್‌ನಲ್ಲಿ, ಪ್ಲೇಗಿನ ರೂಪದಲ್ಲಿ. ಗಾಳಿ ಬೆಳಕು ಸುಳಿಯದ ಒಳಕೋಣೆಗಳು, ಒಂದಕ್ಕೊಂದು ಅಂಟಿಕೊಂಡ ಗೋಡೆಗಳು, ಎಲ್ಲಕ್ಕಿಂತ ಮಿಗಿಲಾಗಿ ಮನೆಯೊಳಗೇ ಪೇರಿಸಿಟ್ಟ ಧಾನ್ಯದ ಮೂಟೆಗಳು ಇಲಿಗಳಿಗೆ ಹೇಳಿ ಮಾಡಿಸಿದ ತಾಣವಾಗಿದ್ದವು. ಇಲಿ ಸತ್ತು ಬಿತ್ತೆಂದರೆ ಮನೆ ಬಿಡಬೇಕು, ಊರ ಹೊರಗೆ ಜೋಪಡಿ ಹಾಕಬೇಕು ಎಂಬುದು ಆ ಕಾಲದ ಹಳೆಯ ಮೈಸೂರು ಸೀಮೆಯ ಮನೆಮನೆಯ ಕಥೆ. ಅದಕ್ಕೂ ಮೊದಲೇ, 1890ರ ದಶಕದ ಆರಂಭದಲ್ಲಿ, ಚಾಮರಾಜಪೇಟೆ ತಲೆಯೆತ್ತಿತ್ತು. ಪ್ಲೇಗಿನ ಹೊಡೆತದಿಂದಾಗಿ ಬಸವನಗುಡಿ ಮತ್ತು ಮಲ್ಲೇಶ್ವರ ಬಡಾವಣೆಗಳಿಗೆ ಜನ ಧಾವಿಸಿದರು. ಅಲ್ಲಿ ಕಾಂಪೌಂಡು, ಕೈತೋಟ, ಹಿಂದುಗಡೆ ಕಸ ಸಾಗಿಸಲೊಂದು ಓಣಿ ಎಲ್ಲವೂ ಇದ್ದವು. ವ್ಯಾಪಾರ ಮಾತ್ರ ಇರಲಿಲ್ಲ. ಹೀಗಾಗಿ ಬೆಳಿಗ್ಗೆ ಬಡಾವಣೆಯಿಂದ ಪೇಟೆಗೆ ಬಂದು ಅಂಗಡಿಯ ಬಾಗಿಲು ತೆಗೆದು, ರಾತ್ರಿ ಬಾಗಿಲು ಹಾಕಿ ಮನೆಗೆ ಹೊರಡುವ ಹೊಸ ಬಗೆಯ ವರ್ತಕ ಹುಟ್ಟಿಕೊಂಡ.

ಪ್ಲೇಗಿನ ಕಥೆಯನ್ನು ಹೇಳುವಾಗ ಎಲ್ಲರೂ ಪೇಟೆ ಬಿಟ್ಟರು ಎಂಬಂತೆ ಬರೆಯುವ ರೂಢಿಯಿದೆ. ಅದು ಸರಿಯಲ್ಲ. ಬಿಟ್ಟು ಹೋಗಲು ಸಾಧ್ಯವಾದದ್ದು ಹೊಸ ಬಡಾವಣೆಯಲ್ಲಿ ನಿವೇಶನ ಕೊಳ್ಳಬಲ್ಲವರಿಗೆ. ಮಗ್ಗವೇ ಮನೆಯಾಗಿದ್ದ ಕಬ್ಬನ್‌ಪೇಟೆಯ ನೇಕಾರರಿಗೆ, ಅಂಗಡಿಯ ಗುಮಾಸ್ತರಿಗೆ, ಮೂಟೆ ಹೊರುವ ಹಮಾಲಿಗಳಿಗೆ ಆ ದಾರಿ ಇರಲಿಲ್ಲ. ಆದುದರಿಂದ ಮುಖ್ಯ ಬೀದಿಗಳಿಂದ ಸಂಸಾರಗಳು ಮೊದಲು ಹೊರಟವು, ಅಡ್ಡ ಓಣಿಗಳಲ್ಲಿ ಅವು ಬಹಳ ಕಾಲ ಉಳಿದವು. ಇಂದಿಗೂ ಅವೆನ್ಯೂ ರಸ್ತೆಯಿಂದ ಪಕ್ಕದ ಓಣಿಗೆ ಹೊರಳಿದರೆ ರಂಗೋಲಿ ಹಾಕಿದ ಹೊಸ್ತಿಲು ಸಿಗುವುದಕ್ಕೆ ಇದೇ ಕಾರಣ.

ಮುಂದಿನ ಐವತ್ತು ವರ್ಷಗಳಲ್ಲಿ ರಸ್ತೆಯ ಎರಡು ತುದಿಗಳಿಗೂ ಸಾರ್ವಜನಿಕ ಕಟ್ಟಡಗಳು ಬಂದವು. 1905ರಲ್ಲಿ ಶಿವನಸಮುದ್ರದ ವಿದ್ಯುತ್ತಿನಿಂದ ನಗರದ ಬೀದಿದೀಪಗಳು ಉರಿದವು. ವಿಶ್ವೇಶ್ವರಯ್ಯನವರು ದಿವಾನರಾಗಿದ್ದಾಗ, 1913ರಲ್ಲಿ, ಮೈಸೂರು ಬ್ಯಾಂಕ್ ಹುಟ್ಟಿತು. 1921ರ ಹೊತ್ತಿಗೆ ದಕ್ಷಿಣದ ತುದಿಯಲ್ಲಿ, ಸಿದ್ಧಿಕಟ್ಟೆ ಎಂದು ಹೆಸರಾಗಿದ್ದ ಜಾಗದಲ್ಲಿ, ಕೃಷ್ಣರಾಜೇಂದ್ರ ಮಾರುಕಟ್ಟೆ ಎದ್ದಿತು. ನಡುವೆ ಮಿಷನರಿ ಬೆಂಜಮಿನ್ ರೈಸ್ ಅವರ ಹೆಸರಿನ ಕನ್ನಡ ಚರ್ಚು ಇದೆ. ಇವರ ಮಗ ಬಿ. ಎಲ್. ರೈಸ್ ನಾಡಿನ ಶಾಸನಗಳನ್ನು ಸಂಗ್ರಹಿಸಿದವರು. 1942ರ ಚಳವಳಿಯಲ್ಲಿ ಗೋಲಿಬಾರಿಗೆ ಬಲಿಯಾದವರ ಸ್ಮಾರಕ ಬ್ಯಾಂಕಿನ ವೃತ್ತದಲ್ಲಿದೆ. ಆ ಬ್ಯಾಂಕು 2017ರ ಏಪ್ರಿಲ್ 1ರಂದು ಸ್ಟೇಟ್ ಬ್ಯಾಂಕ್ ಆಫ್ ಇಂಡಿಯಾದಲ್ಲಿ ವಿಲೀನವಾಯಿತು. ಆದರೆ ಬಸ್ಸಿನ ಕಂಡಕ್ಟರು ಈಗಲೂ ಕೂಗುವುದು ಮೈಸೂರ್ ಬ್ಯಾಂಕ್ ಎಂದೇ.

ಪುಸ್ತಕದ ವ್ಯಾಪಾರ ಇಲ್ಲಿ ಬೇರೂರಿದ್ದು ಆಕಸ್ಮಿಕವೇನಲ್ಲ. ರಸ್ತೆಯ ಉತ್ತರದ ತುದಿಯಿಂದ ಕಾಲ್ನಡಿಗೆಯ ದೂರದಲ್ಲಿ, 1858ರಲ್ಲಿ ಹೈಸ್ಕೂಲಾಗಿ ಆರಂಭವಾದ ಸೆಂಟ್ರಲ್ ಕಾಲೇಜು ಇತ್ತು. ಅದರಾಚೆ 1917ರಲ್ಲಿ ಎಂಜಿನಿಯರಿಂಗ್ ಕಾಲೇಜು ಬಂತು. ಸಿವಿಲ್ ನ್ಯಾಯಾಲಯಗಳೂ ಪಕ್ಕದಲ್ಲೇ ಇವೆ. ವಿದ್ಯಾರ್ಥಿಗಳಿಗೂ ಎಳೆಯ ವಕೀಲರಿಗೂ ಬೇಕಾದದ್ದು ಕಡಿಮೆ ಬೆಲೆಯ ಪುಸ್ತಕ, ಪೇಟೆಗೆ ಗೊತ್ತಿದ್ದದ್ದು ಕೊಂಡು ಮಾರುವ ವಿದ್ಯೆ. ಹೊಸ ಪುಸ್ತಕದ ಮಳಿಗೆ, ಲೇಖನ ಸಾಮಗ್ರಿಯ ಸಗಟು ಅಂಗಡಿ, ಫುಟ್‌ಪಾತಿನ ಹಳೆಯ ಪುಸ್ತಕದ ರಾಶಿ ಮೂರೂ ಒಂದರ ಪಕ್ಕದಲ್ಲೊಂದು ಬೆಳೆದವು. ಪರೀಕ್ಷೆ ಮುಗಿದೊಡನೆ ಪುಸ್ತಕ ಮಾರಿ, ಆ ದುಡ್ಡಿಗೆ ಮುಂದಿನ ವರ್ಷದ ಪುಸ್ತಕ ಕೊಳ್ಳುವ ಪದ್ಧತಿಯಿಂದಾಗಿ ಒಂದೇ ಪುಸ್ತಕದ ಮೊದಲ ಹಾಳೆಯಲ್ಲಿ ಮೂರು ನಾಲ್ಕು ಹೆಸರುಗಳು, ಒಂದನ್ನು ಹೊಡೆದು ಹಾಕಿ ಅದರ ಕೆಳಗೆ ಇನ್ನೊಂದು, ಬೇರೆ ಬೇರೆ ಕಾಲೇಜುಗಳ ವಿಳಾಸದೊಂದಿಗೆ ಸಿಗುತ್ತಿದ್ದವು. ಭಾನುವಾರ ಅಂಗಡಿಗಳ ಷಟರು ಇಳಿದಾಗ ರಸ್ತೆಯ ಅಂಚೆಲ್ಲ ಹಳೆಯ ಪುಸ್ತಕ ಮಾರುವವರದೇ.

ಮನೆಗಳು ಖಾಲಿಯಾದ ಮೇಲೂ ಕಟ್ಟಡಗಳು ಹೆಚ್ಚು ಬದಲಾಗದಿದ್ದುದಕ್ಕೆ ಬಾಡಿಗೆಯ ಕಾನೂನು ಒಂದು ಕಾರಣ. 1961ರ ಬಾಡಿಗೆ ನಿಯಂತ್ರಣ ಕಾಯ್ದೆ 2001ರ ಕೊನೆಯವರೆಗೆ ಜಾರಿಯಲ್ಲಿತ್ತು. ಹಳೆಯ ಬಾಡಿಗೆದಾರನನ್ನು ಎಬ್ಬಿಸುವುದು ಮಾಲೀಕನಿಗೆ ಕಷ್ಟ. ಬರುವ ಬಾಡಿಗೆಯಲ್ಲಿ ಕಟ್ಟಡಕ್ಕೆ ಸುಣ್ಣ ಬಳಿಸುವುದೂ ಕಷ್ಟ. ಅಂಗಡಿ ಕೈ ಬದಲಾಗುವಾಗ ಮುಂಗಡಕ್ಕಿಂತ ‘ಗುಡ್‌ವಿಲ್’ ಹಣದ, ಅಂದರೆ ಜಾಗ ಬಿಟ್ಟುಕೊಡುವ ಹಳೆಯ ಬಾಡಿಗೆದಾರನಿಗೆ ಕೊಡುವ ಹಣದ, ಮಾತೇ ದೊಡ್ಡದಾಯಿತು. ತೊಟ್ಟಿಯ ಮೇಲೆ ತಗಡು ಹೊದಿಸಿ ಗೋದಾಮು ಮಾಡಿದರು. ಸಂಸಾರ ಮಲಗುತ್ತಿದ್ದ ಮಹಡಿಗಳು ಅಕ್ಕಸಾಲಿಗರ ಕೆಲಸದ ಕೋಣೆಗಳಾದವು. ರಾಜಾ ಮಾರ್ಕೆಟ್ಟಿನ ಆಭರಣದ ಅಂಗಡಿಗಳ ಸುತ್ತಮುತ್ತ ಬಂಗಾಳದಿಂದ ಬಂದ ಕುಸುರಿಗಾರರು ಇಂಥ ಕೋಣೆಗಳಲ್ಲೇ ದುಡಿಯುತ್ತಾರೆ, ಅಲ್ಲೇ ಮಲಗುತ್ತಾರೆ. ಕೆಲಸದ ಜಾಗದಲ್ಲೇ ವಾಸಿಸುವ ಹಳೆಯ ಪದ್ಧತಿ ಪೂರ್ತಿ ಹೋಗಲಿಲ್ಲ, ಆದರೆ ಈಗ ಅದು ದೂರದ ಊರಲ್ಲಿ ಸಂಸಾರ ಬಿಟ್ಟು ಬಂದವರ ಪಾಲಿಗೆ ಬಂದಿದೆ.

ಈ ಹಿನ್ನೆಲೆಯಿಲ್ಲದೆ ರಸ್ತೆ ವಿಸ್ತರಣೆಯ ವಿವಾದ ಅರ್ಥವಾಗುವುದಿಲ್ಲ. ರಸ್ತೆಯನ್ನು ಅಗಲ ಮಾಡುವ ಮಾತು ಬಂದಾಗಲೆಲ್ಲ ವರ್ತಕರು ವಿರೋಧಿಸಿದರು, ಅದನ್ನು ಹಲವರು ಬರಿಯ ಹಟವೆಂದು ಕಂಡರು. ಜಾಗ ಬಿಟ್ಟುಕೊಟ್ಟವರಿಗೆ ಹಣದ ಬದಲು ಬೇರೆಡೆ ಹೆಚ್ಚುವರಿಯಾಗಿ ಕಟ್ಟಿಕೊಳ್ಳುವ ಹಕ್ಕು, ಅಂದರೆ ಟಿಡಿಆರ್, ಕೊಡುವ ಪದ್ಧತಿ ಖಾಲಿ ನಿವೇಶನವಿರುವ ಬಡಾವಣೆಗೆ ಹೊಂದೀತು. ಬೀದಿಯ ಕಡೆಯ ಕೆಲವೇ ಅಡಿಗಳಲ್ಲಿ ಇಡೀ ಬದುಕು ಕಟ್ಟಿಕೊಂಡವನಿಗೆ, ಅದರಲ್ಲೂ ಮಾಲೀಕನೇ ಅಲ್ಲದ ಬಾಡಿಗೆದಾರನಿಗೆ, ಆ ಹಕ್ಕಿನ ಪತ್ರದಿಂದ ಏನೂ ದಕ್ಕುವುದಿಲ್ಲ. 2017ರ ಜೂನ್‌ನಲ್ಲಿ ಚಿಕ್ಕಪೇಟೆಯ ನೆಲದಡಿಯ ಮೆಟ್ರೊ ನಿಲ್ದಾಣ ತೆರೆದ ಮೇಲೆ ಗಿರಾಕಿಗಳು ಕಾರಿಲ್ಲದೆಯೂ ಬರಬಹುದೆಂದು ತಿಳಿಯಿತು. ರಸ್ತೆಯನ್ನು ಅಗಲಿಸದೆ, ಕೊಳವೆ ಮತ್ತು ಕೇಬಲ್‌ಗಳನ್ನು ನೆಲದಡಿ ಹಾಕಿ ಮೇಲೆ ಕಾಲುದಾರಿ ಸರಿಪಡಿಸುವ ಟೆಂಡರ್‌ಶ್ಯೂರ್ ಕಾಮಗಾರಿ ನನ್ನ ಎಣಿಕೆಯಲ್ಲಿ ಹೆಚ್ಚು ವಿವೇಕದ್ದು. ಅಗೆದ ರಸ್ತೆಯ ಧೂಳಿನಲ್ಲಿ ತಿಂಗಳುಗಟ್ಟಲೆ ಕೂತ ಅಂಗಡಿಯವರು ಇದನ್ನು ಅಷ್ಟು ಸುಲಭವಾಗಿ ಒಪ್ಪಲಾರರು.

ಬಿಟ್ಟುಹೋದ ಸಂಸಾರಗಳು ವರ್ಷಕ್ಕೊಮ್ಮೆ ಪೇಟೆಗೆ ಮರಳುತ್ತವೆ. ಚೈತ್ರದ ಹುಣ್ಣಿಮೆಯ ರಾತ್ರಿ ತಿಗಳರಪೇಟೆಯ ಧರ್ಮರಾಯಸ್ವಾಮಿ ಗುಡಿಯಿಂದ ಹೊರಡುವ ಕರಗ, ಖಡ್ಗ ಹಿಡಿದ ವೀರಕುಮಾರರ ನಡುವೆ ಪೇಟೆ ಪೇಟೆಗಳನ್ನು ಸುತ್ತಿ, ಅರಳೇಪೇಟೆಯ ತವಕ್ಕಲ್ ಮಸ್ತಾನ್ ದರ್ಗಾಕ್ಕೂ ಹೋಗಿ, ಬೆಳಗಿನ ಹೊತ್ತಿಗೆ ಗುಡಿಗೆ ಮರಳುತ್ತದೆ. ಬಸವನಗುಡಿಯಿಂದಲೂ ವಿಜಯನಗರದಿಂದಲೂ ಬಂದವರು ಆ ರಾತ್ರಿ ಮುಚ್ಚಿದ ಅಂಗಡಿಗಳ ಮೆಟ್ಟಿಲ ಮೇಲೆ ಮಲ್ಲಿಗೆ ಹೂವು ಹಿಡಿದು ಕಾಯುತ್ತಾರೆ, ಮತ್ತು ಪಕ್ಕದಲ್ಲಿ ಕೂತ ಮಕ್ಕಳಿಗೆ ಇಂಥ ಷಟರಿನ ಹಿಂದೆ ತಮ್ಮ ತೊಟ್ಟಿಯಿತ್ತು ಎಂದು ಬೆರಳು ತೋರಿಸುತ್ತಾರೆ.